ಹತ್ತು ಸ್ಥಾನ ಹಿಂದೆ ಅಂದ್ರೆ ಎಷ್ಟು ಪಾಯಿಂಟ್ ಹೋಯ್ತು?

ನಮ್ಮ ಕಾಸರಗೋಡಿನಲ್ಲಿ ಪೆನಾಲ್ಟಿ ಅಂದ್ರೆ ಫುಟ್ಬಾಲ್. ವರ್ಲ್ಡ್ ಕಪ್ ವರ್ಷ ಬಂತೆಂದರೆ ಬದಿಯಡ್ಕ ಪೇಟೆಯಿಂದ ಉಪ್ಪಳದವರೆಗೂ ರಸ್ತೆ ಬದಿಯಲ್ಲಿ ಅರ್ಜೆಂಟೀನಾ, ಬ್ರೆಜಿಲ್ ಫ್ಲೆಕ್ಸುಗಳದ್ದೇ ಜಾತ್ರೆ. ಅಲ್ಲಿ ಪೆನಾಲ್ಟಿ ಸಿಕ್ಕಿದರೆ ಹೆಚ್ಚುಕಡಿಮೆ ಒಂದು ಗೋಲು, ಲೆಕ್ಕ ಮುಗೀತು. ಅದಕ್ಕೇ ಇರಬೇಕು, ಒಂಬತ್ತನೇ ಕ್ಲಾಸಿನ ನನ್ನ ಅಕ್ಕನ ಮಗ ಫಾರ್ಮುಲಾ ವನ್ ಕಾರ್ ರೇಸ್ ನೋಡಲು ಶುರು ಮಾಡಿದಾಗ ಮೊದಲು ಕೇಳಿದ್ದು ಇದನ್ನೇ: "ಮಾವಾ, ಹತ್ತು ಸ್ಥಾನ ಪೆನಾಲ್ಟಿ ಅಂದ್ರೆ ಹತ್ತು ಪಾಯಿಂಟ್ ಹೋಯ್ತು ಅಂತಲಾ?"

ಅಲ್ಲ ಮಾರಾಯ ಅಂದೆ. ಆದರೆ ಎಷ್ಟು ಹೋಯ್ತು ಅಂತ ಒಂದೇ ಮಾತಿನಲ್ಲಿ ಹೇಳಲು ನನಗೂ ಆಗಲಿಲ್ಲ. ಅದು "ಅಡಿಕೆಗೆ ಧಾರಣೆ ಎಷ್ಟು" ಅಂತ ಕೇಳಿದ ಹಾಗೆ. ಯಾವ ಅಡಿಕೆ? ಹೊಸತಾ, ಹಳತಾ? ಪಟೋರವಾ, ಕರಿಗೋಟಾ? ಮಾಲು ನೋಡದೆ ಧಾರಣೆ ಹೇಳಿದರೆ ನಂಬಲಿಕ್ಕುಂಟಾ? ಗ್ರಿಡ್ ಪೆನಾಲ್ಟಿ, ಅಂದರೆ ರೇಸ್ ಹೊರಡುವ ಸಾಲಿನಲ್ಲಿ ಇಷ್ಟು ಸ್ಥಾನ ಹಿಂದೆ ನಿಲ್ಲಿಸುವ ಶಿಕ್ಷೆ, ಅದೂ ಹಾಗೆಯೇ. ಯಾರಿಗೆ ಬಿತ್ತು, ಯಾವ ಟ್ರ್ಯಾಕಿನಲ್ಲಿ ಬಿತ್ತು, ಎದುರಾಳಿ ಎಲ್ಲಿದ್ದಾನೆ ಅಂತ ನೋಡಿಯೇ ಬೆಲೆ ಕಟ್ಟಬೇಕು. ಕೆಲವೊಮ್ಮೆ ಒಂದು ಪಾಯಿಂಟೂ ಹೋಗುವುದಿಲ್ಲ. ಕೆಲವೊಮ್ಮೆ ಚಾಂಪಿಯನ್‌ಶಿಪ್ಪೇ ಹೋಗುತ್ತದೆ.

ಆ ಬೆಲೆ ಕಟ್ಟುವುದು ಹೇಗೆ ಅಂತ ಅವನಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ಒಂದು ರಬ್ಬರ್ ಬೇಕು. ಪೆನ್ನು ಬೇಡ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಹತ್ತು ಅಂಕಿ ಬಾಯಿಪಾಠ

25, 18, 15, 12, 10, 8, 6, 4, 2, 1. ಮೊದಲ ಹತ್ತು ಜನರಿಗೆ ಇಷ್ಟು. 2010ರಿಂದ ಇದೇ ನಡೆಯುತ್ತಿದೆ. 2019ರಿಂದ 2024ರವರೆಗೆ ಅತಿ ವೇಗದ ಲ್ಯಾಪಿಗೆ, ಅಂದರೆ ಟ್ರ್ಯಾಕಿನ ಒಂದು ಸುತ್ತಿಗೆ, ಒಂದು ಪಾಯಿಂಟ್ ಹೆಚ್ಚಿಗೆ ಇತ್ತು (ಮೊದಲ ಹತ್ತರಲ್ಲಿ ಮುಗಿಸಿದರೆ ಮಾತ್ರ), 2025ಕ್ಕೆ ತೆಗೆದುಹಾಕಿದರು. ಕೆಲವು ವಾರಾಂತ್ಯಗಳಲ್ಲಿ ಸ್ಪ್ರಿಂಟ್ ಅಂತ ಸಣ್ಣ ರೇಸ್ ಇರುತ್ತದೆ. ಅದಕ್ಕೆ 8ರಿಂದ 1ರವರೆಗೆ, ಎಂಟು ಜನರಿಗೆ.

ಈ ಅಂಕಿಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಇವುಗಳ ನಡುವಿನ ಮೆಟ್ಟಿಲು ನೋಡಿ. ಒಂದರಿಂದ ಎರಡಕ್ಕೆ ಇಳಿದರೆ 7 ಹೋಯ್ತು. ಎರಡರಿಂದ ಮೂರಕ್ಕೆ 3. ಮೂರರಿಂದ ನಾಲ್ಕಕ್ಕೂ 3. ಆಮೇಲೆ 2, 2, 2, 2, 2. ಕೊನೆಗೆ 1. ಅಂದರೆ ಮೊದಲ ಮೆಟ್ಟಿಲು ಮಾತ್ರ ಎತ್ತರ, ಉಳಿದದ್ದೆಲ್ಲ ಗಿಡ್ಡ. ಗೆಲ್ಲುವವನನ್ನು ಎರಡನೆಯವನಾಗಿ ಮಾಡಿದ ಪೆನಾಲ್ಟಿ, ಏಳನೆಯವನನ್ನು ಹತ್ತನೆಯವನಾಗಿ ಮಾಡಿದ ಪೆನಾಲ್ಟಿಗಿಂತ ದುಬಾರಿ. ಮೊದಲನೆಯದು ಒಂದು ಸ್ಥಾನಕ್ಕೆ 7, ಎರಡನೆಯದು ಮೂರು ಸ್ಥಾನಕ್ಕೆ 5. ಅಳಿಯನ "ಹತ್ತು ಸ್ಥಾನ, ಹತ್ತು ಪಾಯಿಂಟ್" ಇಲ್ಲೇ ಬಿದ್ದುಹೋಯ್ತು.

ಮೊತ್ತ ಬೇಡ, ಅಂತರ ಬರೆಯಿರಿ

ಟೀವಿಯಲ್ಲಿ ತೋರಿಸುವುದು ಒಟ್ಟು ಪಾಯಿಂಟ್. ನಮಗೆ ಅದರಿಂದ ಜಾಸ್ತಿ ಉಪಯೋಗವಿಲ್ಲ. ನೋಟ್‌ಬುಕ್ಕಿನಲ್ಲಿ ಮೂರೇ ಕಲಂ ಮಾಡಿ: ಮುಂದಿರುವವನಿಗೂ ಹಿಂದಿರುವವನಿಗೂ ಅಂತರ ಎಷ್ಟು, ಇನ್ನು ಗರಿಷ್ಠ ಎಷ್ಟು ಪಾಯಿಂಟ್ ಬಾಕಿ, ಯಾರಿಗೆ ಎಷ್ಟು ಗೆಲುವು.

ಬಾಕಿ ಲೆಕ್ಕ ಸುಲಭ. ಉಳಿದ ರೇಸ್ ಗುಣಿಸು 25, ಉಳಿದ ಸ್ಪ್ರಿಂಟ್ ಗುಣಿಸು 8, ಎರಡನ್ನೂ ಕೂಡಿಸಿ. ಅಂತರ ಇದಕ್ಕಿಂತ ದೊಡ್ಡದಾದ ಕ್ಷಣ ಕತೆ ಮುಗೀತು. 2025ರ ಆಗಸ್ಟ್ ಕೊನೆಗೆ, ನೆದರ್‌ಲ್ಯಾಂಡ್ಸ್ ರೇಸ್ ಆದ ಮೇಲೆ, ಮ್ಯಾಕ್ಸ್ ವರ್ಸ್ಟಾಪನ್ ಮುಂದಿದ್ದ ಆಸ್ಕರ್ ಪಿಯಾಸ್ಟ್ರಿಗಿಂತ 104 ಪಾಯಿಂಟ್ ಹಿಂದಿದ್ದ. ಎಲ್ಲರೂ ಅವನನ್ನು ಲೆಕ್ಕದಿಂದ ತೆಗೆದುಬಿಟ್ಟಿದ್ದರು, ನಾನೂ ತೆಗೆದಿದ್ದೆ. ಆದರೆ 9 ರೇಸ್, 3 ಸ್ಪ್ರಿಂಟ್ ಉಳಿದಿತ್ತು. 225 ಕೂಡಿಸು 24, ಅಂದರೆ 249. ಗಣಿತ ಅವನನ್ನು ತೆಗೆದಿರಲಿಲ್ಲ. ಕೊನೆಗೆ ಅವನು ಸೋತದ್ದು ಬರೀ 2 ಪಾಯಿಂಟಿಗೆ, ಅದೂ ಪಿಯಾಸ್ಟ್ರಿಗಲ್ಲ, ಲ್ಯಾಂಡೊ ನಾರಿಸ್ ಎದುರು.

ಗೆಲುವಿನ ಕಲಂ ಯಾಕೆ? ಪಾಯಿಂಟ್ ಸಮ ಆದರೆ ಗೆಲುವು ಜಾಸ್ತಿ ಇರುವವನು ಮುಂದೆ. ಅದೂ ಸಮ ಆದರೆ ಎರಡನೇ ಸ್ಥಾನಗಳ ಎಣಿಕೆ, ಆಮೇಲೆ ಮೂರನೆಯದು, ಹೀಗೇ ಹೋಗುತ್ತದೆ. 2008ರ ಬ್ರೆಜಿಲ್ ರೇಸ್ ನೆನಪಿದೆಯಾ? ಲೂಯಿಸ್ ಹ್ಯಾಮಿಲ್ಟನ್ ಕೊನೆಯ ಲ್ಯಾಪಿನ ಕೊನೆಯ ತಿರುವುಗಳಲ್ಲಿ ಟಿಮೊ ಗ್ಲಾಕ್‌ನನ್ನು ದಾಟಿ ಐದನೆಯವನಾಗಿ, 98 ಪಾಯಿಂಟಿಗೆ ಬಂದ. ಫೆಲಿಪೆ ಮಾಸ್ಸಾ 97. ಆಗ ಪಾಯಿಂಟ್ ಕ್ರಮವೇ ಬೇರೆ ಇತ್ತು, ಐದನೆಯದಕ್ಕೆ 4, ಆರನೆಯದಕ್ಕೆ 3. ದಾಟದೇ ಹೋಗಿದ್ದರೆ ಇಬ್ಬರದ್ದೂ 97. ಸಮ ಅಲ್ವಾ ಅಂತ ಸುಮ್ನೆ ಕೂರುವ ಹಾಗಿಲ್ಲ. ಮಾಸ್ಸಾಗೆ 6 ಗೆಲುವು, ಹ್ಯಾಮಿಲ್ಟನ್‌ಗೆ 5. ಪಟ್ಟ ಮಾಸ್ಸಾನದ್ದಾಗುತ್ತಿತ್ತು.

ಗ್ರಿಡ್ ಕಟ್ಟಲು ಹನ್ನೆರಡು ಅಡಿಕೆ

ಪೆನಾಲ್ಟಿ ಬಿದ್ದ ಮೇಲೆ ಯಾರು ಎಲ್ಲಿಂದ ಹೊರಡುತ್ತಾರೆ ಅಂತ ಲೆಕ್ಕ ಹಾಕುವಾಗ ಜನ ಜಾಸ್ತಿ ತಪ್ಪುವುದು. ಒಬ್ಬನಿಗೆ ಮಾತ್ರ ಪೆನಾಲ್ಟಿ ಇದ್ದರೆ ಸುಲಭ. ಇಬ್ಬರಿಗೆ ಬಿದ್ದರೆ ತಲೆ ಕೆಡುತ್ತದೆ.

ಡಿಸೆಂಬರಿನಲ್ಲಿ ನಮ್ಮ ಅಂಗಳ ತುಂಬ ಅಡಿಕೆಯೇ. ಒಂದು ಮೂಲೆಯಲ್ಲಿ ಒಂದಿಷ್ಟು ಜಾಗ ಗುಡಿಸಿ, ಸಿಮೆಂಟಿನ ಮೇಲೆ ಸೀಮೆಸುಣ್ಣದಲ್ಲಿ 12 ಮನೆ ಗೀರಿ, 1ರಿಂದ 12ರವರೆಗೆ ನಂಬರ್ ಹಾಕಿದೆ. ಕ್ವಾಲಿಫೈಯಿಂಗ್‌ನಲ್ಲಿ (ರೇಸಿಗೆ ಮೊದಲು ಯಾರು ವೇಗ ಅಂತ ನೋಡಿ ಸಾಲು ನಿರ್ಧರಿಸುವ ಸ್ಪರ್ಧೆ) ಬಂದ ಕ್ರಮದಲ್ಲೇ ಒಂದೊಂದು ಮನೆಗೆ ಒಂದೊಂದು ಅಡಿಕೆ. ಪೆನಾಲ್ಟಿ ಇರುವವರಿಗೆ ಸಿಪ್ಪೆ ಇರುವ ಅಡಿಕೆ, ಇಲ್ಲದವರಿಗೆ ಸುಲಿದದ್ದು. ಮೊದಲ ಸ್ಥಾನದವನಿಗೆ 10 ಸ್ಥಾನ ಪೆನಾಲ್ಟಿ, ನಾಲ್ಕನೆಯವನಿಗೆ 5 ಸ್ಥಾನ ಅಂತ ಇಟ್ಟುಕೊಂಡೆವು.

ಅಳಿಯ ಏನು ಮಾಡಿದ? ಮೊದಲ ಅಡಿಕೆ ತೆಗೆದು 11ರಲ್ಲಿ ಇಟ್ಟ. ಉಳಿದವನ್ನೆಲ್ಲ ಒಂದೊಂದು ಮನೆ ಮುಂದೆ ತಳ್ಳಿದ. ಈಗ ನಾಲ್ಕನೆಯವನು ಮೂರಕ್ಕೆ ಬಂದ. ಅಲ್ಲಿಂದ ಐದು ಎಣಿಸಿ 8ರಲ್ಲಿ ಇಟ್ಟ. ನೋಡಲು ಸರಿಯೇ ಕಾಣುತ್ತದೆ. ತಪ್ಪು.

ಕ್ರಮ ಹೀಗೆ. ಪೆನಾಲ್ಟಿ ಇರುವ ಎಲ್ಲರನ್ನೂ ಒಟ್ಟಿಗೇ ಸಾಲಿನಿಂದ ಎತ್ತಿ. ಅವರವರ ಕ್ವಾಲಿಫೈಯಿಂಗ್ ಸ್ಥಾನಕ್ಕೆ ಪೆನಾಲ್ಟಿ ಕೂಡಿಸಿ. 1 ಕೂಡಿಸು 10, 11ನೇ ಮನೆ. 4 ಕೂಡಿಸು 5, 9ನೇ ಮನೆ. ಸಿಪ್ಪೆ ಅಡಿಕೆ ಎರಡನ್ನೂ ಅಲ್ಲಿಡಿ, ಮತ್ತೆ ಮುಟ್ಟಬೇಡಿ. ಆಮೇಲೆ ಸುಲಿದವನ್ನು ಅದೇ ಕ್ರಮದಲ್ಲಿ ಖಾಲಿ ಮನೆಗಳಿಗೆ ತುಂಬಿಸುತ್ತಾ ಬನ್ನಿ. ಎರಡನೆಯವನು 1ಕ್ಕೆ, ಮೂರನೆಯವನು 2ಕ್ಕೆ, ಐದನೆಯವನು 3ಕ್ಕೆ, ಹತ್ತನೆಯವನು 8ಕ್ಕೆ ಬರುತ್ತಾನೆ. 9 ಭರ್ತಿ. ಹನ್ನೊಂದನೆಯವನು 10ಕ್ಕೆ. 11 ಭರ್ತಿ. ಹನ್ನೆರಡನೆಯವನು ಎಲ್ಲಿದ್ದನೋ ಅಲ್ಲೇ. ಐದನೆಯವನಿಗೆ ಏನೂ ಮಾಡದೆ ಎರಡು ಸ್ಥಾನ ಮೇಲೆ ಸಿಕ್ಕಿತು ನೋಡಿ. ಪೆನಾಲ್ಟಿ ಯಾರಿಗೆ ಬಿತ್ತು ಅಂತ ಮಾತ್ರ ನೋಡಬೇಡಿ, ಯಾರಿಗೆ ಲಾಭ ಆಯ್ತು ಅಂತಲೂ ಬರೆದಿಡಿ.

ಒಬ್ಬನ ಪೆನಾಲ್ಟಿ ಒಟ್ಟು ಸೇರಿಸಿ 15 ದಾಟಿದರೆ ಈ ಕೂಡಿಸುವ ಕೆಲಸ ಇಲ್ಲ, ಸೀದಾ ಸಾಲಿನ ಕೊನೆಗೆ. ಅಂಥವರು ಒಂದಕ್ಕಿಂತ ಜಾಸ್ತಿ ಇದ್ದರೆ ಅವರೊಳಗೆ ಕ್ವಾಲಿಫೈಯಿಂಗ್ ಕ್ರಮ. 2022ರ ಬೆಲ್ಜಿಯಂ ಸ್ಪಾ ರೇಸಿನಲ್ಲಿ ವರ್ಸ್ಟಾಪನ್ ಕ್ವಾಲಿಫೈಯಿಂಗ್‌ನಲ್ಲಿ ಎಲ್ಲರಿಗಿಂತ ವೇಗ. ಪೆನಾಲ್ಟಿಯಿಂದ ಹಿಂದೆ ಹೋದ, ಆದರೆ ಹೊರಟದ್ದು 14ರಿಂದ. ಅವತ್ತು ಹಲವರು ಒಟ್ಟಿಗೇ ಎಂಜಿನ್ ಬದಲಿಸಿದ್ದರು, ಅವರಲ್ಲಿ ಇವನೇ ಮೊದಲು. ಪಟ್ಟಕ್ಕೆ ಪೈಪೋಟಿಯಲ್ಲಿದ್ದ ಶಾರ್ಲ್ ಲೆಕ್ಲೇರ್ ಅವನ ಬೆನ್ನಿಗೇ 15ರಲ್ಲಿ. ಇಬ್ಬರಿಗೂ ಒಂದೇ ದಿನ ಪೆನಾಲ್ಟಿ ಅಂದ ಮೇಲೆ ಅಂತರದ ಲೆಕ್ಕದಲ್ಲಿ ಅದರ ಬೆಲೆ ಹೆಚ್ಚುಕಡಿಮೆ ಸೊನ್ನೆ. ವರ್ಸ್ಟಾಪನ್ ಆ ರೇಸ್ ಗೆದ್ದೂ ಬಿಟ್ಟ.

ಎಂಜಿನ್ ಪೆನಾಲ್ಟಿ ಯಾಕೆ ಬೀಳುತ್ತದೆ ಅಂತ ಎರಡು ಮಾತು. ಒಂದು ಸೀಸನ್ನಿಗೆ ಒಬ್ಬ ಡ್ರೈವರಿಗೆ ಇಷ್ಟೇ ಎಂಜಿನ್ ಅಂತ ಮಿತಿ ಇದೆ. 2021ರಲ್ಲಿ 3, 2025ರಲ್ಲಿ 24 ರೇಸಿಗೆ 4. ಟರ್ಬೊ, ಬ್ಯಾಟರಿ ಮುಂತಾದ ಭಾಗಗಳಿಗೆ ಬೇರೆ ಬೇರೆ ಮಿತಿ. ಮೊದಲ ಸಲ ದಾಟಿದರೆ 10 ಸ್ಥಾನ, ಅದೇ ಭಾಗವನ್ನು ಇನ್ನೊಮ್ಮೆ ಹೆಚ್ಚಿಗೆ ತೆಗೆದುಕೊಂಡರೆ 5. ಎರಡನೇ ತಪ್ಪಿಗೆ ಶಿಕ್ಷೆ ಕಡಿಮೆಯಾ ಅಂತ ಅಳಿಯ ಕೇಳಿದ. ಹೌದು, ವಿಚಿತ್ರವೇ. ನನಗೂ ಇದು ಸರಿ ಕಾಣುವುದಿಲ್ಲ. ನಿಯಮ ಹಾಗಿದೆ, ಟೀಮುಗಳು ಅದನ್ನು ಚೆನ್ನಾಗಿ ಬಳಸಿಕೊಳ್ಳುತ್ತವೆ.

ಈಗ ಬೆಲೆ ಕಟ್ಟೋಣ

ಎರಡು ಪ್ರಶ್ನೆ ಬರೆದುಕೊಳ್ಳಿ. ಪೆನಾಲ್ಟಿ ಇಲ್ಲದಿದ್ದರೆ ಇವನು ಎಲ್ಲಿ ಮುಗಿಸುತ್ತಿದ್ದ? ಈಗ ಎಲ್ಲಿ ಮುಗಿಸಬಹುದು? ಎರಡರ ಪಾಯಿಂಟ್ ವ್ಯತ್ಯಾಸವೇ ಅವನ ನಷ್ಟ. ಅದರಿಂದ ಎದುರಾಳಿ ಮೇಲೆ ಹೋಗುವುದಾದರೆ ಅವನ ಲಾಭವನ್ನೂ ಇದಕ್ಕೆ ಕೂಡಿಸಿ. ಅಂತರ ಎಷ್ಟು ಬದಲಾಯ್ತು ಅಂತ ಸಿಕ್ಕಿತು. ಗೆಲ್ಲುವವನು ಎರಡನೆಯವನಾಗಿ, ಎದುರಾಳಿಯೇ ಗೆದ್ದರೆ ನಷ್ಟ 7 ಅಲ್ಲ, 14. ಇದನ್ನು ಮರೆಯುವವರೇ ಜಾಸ್ತಿ.

2021 ಇದಕ್ಕೆ ಒಳ್ಳೆಯ ಪಾಠ. ಆ ವರ್ಷ ಇಟಲಿಯ ಮೊಂಜಾದಲ್ಲಿ ವರ್ಸ್ಟಾಪನ್, ಹ್ಯಾಮಿಲ್ಟನ್ ಡಿಕ್ಕಿ ಹೊಡೆದುಕೊಂಡು ಇಬ್ಬರೂ ಹೊರಗೆ ಬಿದ್ದರು. ತಪ್ಪು ವರ್ಸ್ಟಾಪನ್‌ನದ್ದು ಅಂತ ಮುಂದಿನ ರೇಸಿಗೆ 3 ಸ್ಥಾನ ಪೆನಾಲ್ಟಿ. ಮುಂದಿನದ್ದು ರಷ್ಯಾದ ಸೋಚಿ. ಅಲ್ಲಿ ಅವನ ಟೀಮು ಏನು ಮಾಡಿತು ಗೊತ್ತಾ? ಹೊಸ ಎಂಜಿನ್ನನ್ನೂ ಅಲ್ಲೇ ಹಾಕಿತು. ಮುಳುಗಿದವನಿಗೆ ಚಳಿಯೇನು, ಮಳೆಯೇನು? ಹೇಗೂ ಹಿಂದೆ ಹೋಗಬೇಕು, ಎರಡೂ ಪೆನಾಲ್ಟಿ ಒಂದೇ ದಿನ ತೀರಿಸಿಬಿಡೋಣ ಅಂತ. 3 ಸ್ಥಾನದ ಪೆನಾಲ್ಟಿ ದೊಡ್ಡ ಪೆನಾಲ್ಟಿಯೊಳಗೆ ಕರಗಿಹೋಯ್ತು, ಅದರ ಬೆಲೆ ಸೊನ್ನೆ. 20ನೇ ಸ್ಥಾನದಿಂದ ಹೊರಟ. ಕೊನೆಗೆ ಮಳೆ ಬರುವಾಗ 7ನೆಯವನಾಗಿದ್ದವನು ಸರಿಯಾದ ಹೊತ್ತಿಗೆ ಟಯರ್ ಬದಲಿಸಿ ಎರಡನೆಯವನಾಗಿ ಮುಗಿಸಿದ. ಹ್ಯಾಮಿಲ್ಟನ್ ಗೆದ್ದ. ವರ್ಸ್ಟಾಪನ್ 5 ಪಾಯಿಂಟ್ ಮುಂದಿದ್ದವನು 2 ಹಿಂದಾದ. ಇಡೀ ಗ್ರಿಡ್ಡಿನ ಕೊನೆಗೆ ಹೋದವನಿಗೆ ಅಂತರದಲ್ಲಿ ಆದ ಬದಲಾವಣೆ ಬರೀ 7.

ಮುಂದಿನ ರೇಸ್ ಟರ್ಕಿ. ಈ ಸಲ ಹ್ಯಾಮಿಲ್ಟನ್‌ಗೆ ಹೊಸ ಎಂಜಿನ್, 10 ಸ್ಥಾನ. ಕ್ವಾಲಿಫೈಯಿಂಗ್‌ನಲ್ಲಿ ಮೊದಲಿಗ, ಹೊರಟದ್ದು 11ರಿಂದ, ಮುಗಿಸಿದ್ದು 5ರಲ್ಲಿ. ವರ್ಸ್ಟಾಪನ್ ಎರಡು. 10 ಮತ್ತು 18. ಹ್ಯಾಮಿಲ್ಟನ್ 2 ಮುಂದಿದ್ದವನು 6 ಹಿಂದಾದ. ಬದಲಾವಣೆ 8. ಒಬ್ಬನಿಗೆ ಕೊನೆಯ ಸ್ಥಾನ, 7 ಪಾಯಿಂಟ್. ಇನ್ನೊಬ್ಬನಿಗೆ 10 ಸ್ಥಾನ, 8 ಪಾಯಿಂಟ್. ಪೆನಾಲ್ಟಿಯ ಸ್ಥಾನ ಎಣಿಸಿ ಪಾಯಿಂಟ್ ಹೇಳಲಿಕ್ಕಾಗುವುದಿಲ್ಲ ಅಂತ ನಾನು ಹೇಳಿದ್ದು ಇದಕ್ಕೇ.

ಅದೇ ವರ್ಷ ಬ್ರೆಜಿಲ್‌ನಲ್ಲಿ ಹ್ಯಾಮಿಲ್ಟನ್ ಮಾಡಿದ್ದು ಇನ್ನೂ ದೊಡ್ಡದು. ಹಿಂದಿನ ರೆಕ್ಕೆಯ ಅಳತೆ ತಪ್ಪಿದ್ದಕ್ಕೆ ಕ್ವಾಲಿಫೈಯಿಂಗ್‌ನಿಂದ ಅನರ್ಹ, ಸ್ಪ್ರಿಂಟಿಗೆ 20ರಿಂದ ಹೊರಟು 5ಕ್ಕೆ ಬಂದ, ಮತ್ತೆ ಹೊಸ ಎಂಜಿನ್‌ಗೆ 5 ಸ್ಥಾನ ಹೋಗಿ 10ರಿಂದ ಹೊರಟ, ಗೆದ್ದ. ಹೊಸ ಎಂಜಿನ್ನಿನಲ್ಲಿ ಪವರ್ ಜಾಸ್ತಿ. 5 ಸ್ಥಾನ ಕೊಟ್ಟು ಅದನ್ನು ಕೊಂಡ ಹಾಗಾಯ್ತು. ಅಂದರೆ ಪೆನಾಲ್ಟಿ ಯಾವಾಗಲೂ ಖರ್ಚಿನ ಬಾಬ್ತಲ್ಲ, ಕೆಲವು ಸಲ ಅದು ಗೊಬ್ಬರಕ್ಕೆ ಹಾಕಿದ ದುಡ್ಡು.

ಟ್ರ್ಯಾಕ್ ನೋಡದೆ ಬೆಲೆ ಹೇಳಬೇಡಿ. ಸ್ಪಾ 7 ಕಿಲೋಮೀಟರಿನ ಉದ್ದ ಟ್ರ್ಯಾಕ್, ದೊಡ್ಡ ನೇರ ದಾರಿ ಇದೆ, ಅಲ್ಲಿ ದಾಟುವುದು ನಮ್ಮ ಹೊಸ ಆರು ಲೇನಿನ ಹೈವೇಯಲ್ಲಿ ಓವರ್‌ಟೇಕ್ ಮಾಡಿದ ಹಾಗೆ. ಮೊನಾಕೊ ಹಾಗಲ್ಲ. ಪೆರ್ಲದ ಒಳರಸ್ತೆಯಲ್ಲಿ ಕೆಂಪುಕಲ್ಲು ತುಂಬಿದ ಲಾರಿಯ ಹಿಂದೆ ಸಿಕ್ಕಿಬಿದ್ದರೆ ಹೇಗೋ ಹಾಗೆ, ಹಿಂದಿನ ಕಾರು ಎಷ್ಟೇ ವೇಗದ್ದಾದರೂ ಲಾರಿಯ ವೇಗದಲ್ಲೇ ಹೋಗಬೇಕು. ಟೀಮುಗಳು ಎಂಜಿನ್ ಬದಲಿಸಲು ಸ್ಪಾದಂಥ ಜಾಗ ಹುಡುಕುವುದು ಅದಕ್ಕೇ. 2024ರಲ್ಲೂ ವರ್ಸ್ಟಾಪನ್ ಸ್ಪಾದಲ್ಲೇ 10 ಸ್ಥಾನ ಪೆನಾಲ್ಟಿ ತೆಗೆದುಕೊಂಡು 11ರಿಂದ ಹೊರಟ.

ಇನ್ನೊಂದು ಸಂಗತಿ, ಕ್ವಾಲಿಫೈಯಿಂಗ್ ಹಾಳಾದ ದಿನ ಪೆನಾಲ್ಟಿ ಅಗ್ಗ. 2025ರ ಬ್ರೆಜಿಲ್‌ನಲ್ಲಿ ವರ್ಸ್ಟಾಪನ್ ಕ್ವಾಲಿಫೈಯಿಂಗಿನ ಮೊದಲ ಹಂತದಲ್ಲೇ ಹೊರಬಿದ್ದು 16ರಲ್ಲಿದ್ದ. ಟೀಮು ರಾತ್ರೋರಾತ್ರಿ ಎಂಜಿನ್ ಬದಲಿಸಿ, ಕಾರಿನ ಸೆಟಪ್ಪನ್ನೂ ಬದಲಿಸಿ, ಪಿಟ್ ಲೇನಿನಿಂದ (ಟಯರ್ ಬದಲಿಸಲು ಬರುವ ಪಕ್ಕದ ದಾರಿ, ಅಲ್ಲಿಂದ ಎಲ್ಲರಿಗಿಂತ ಕೊನೆಗೆ ಹೊರಡಬೇಕು) ಹೊರಡಿಸಿತು. 16 ಆದರೇನು, ಪಿಟ್ ಲೇನ್ ಆದರೇನು, ನಾಲ್ಕೈದು ಕಾರು ಹೆಚ್ಚುಕಡಿಮೆ. ಮೂರನೆಯವನಾಗಿ ಮುಗಿಸಿದ.

ಮತ್ತೆ ಮಳೆ. ಮಳೆ ಬಂದರೆ ಈ ಬೆಲೆ ಪಟ್ಟಿಯೆಲ್ಲ ಒದ್ದೆ. 2024ರ ಬ್ರೆಜಿಲ್‌ನಲ್ಲಿ ವರ್ಸ್ಟಾಪನ್ ಪೆನಾಲ್ಟಿ ಸೇರಿ 17ರಲ್ಲಿ, ಲ್ಯಾಂಡೊ ನಾರಿಸ್ ಮೊದಲಲ್ಲಿ. ಅಂತರ 44. ಇವತ್ತು ಅದು 30ಕ್ಕೆ ಬರುತ್ತದೆ ಅಂತ ನಾನು ರೇಸಿಗೆ ಮೊದಲೇ ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದೆ. ವರ್ಸ್ಟಾಪನ್ ಗೆದ್ದ, ಅತಿ ವೇಗದ ಲ್ಯಾಪೂ ಅವನದ್ದೇ, 26. ನಾರಿಸ್ ಆರನೆಯವನು, 8. ಅಂತರ 62.

ಸೆಕೆಂಡಿನ ಪೆನಾಲ್ಟಿ ಮತ್ತು ಅನರ್ಹತೆ

ರೇಸಿನ ನಡುವೆ ಸ್ಟೀವರ್ಡುಗಳು, ಅಂದರೆ ತೀರ್ಪುಗಾರರು, 5 ಸೆಕೆಂಡ್, 10 ಸೆಕೆಂಡ್ ಕೊಡುತ್ತಾರೆ. ಪಿಟ್‌ಗೆ ಬಂದಾಗ ನಿಂತು ತೀರಿಸಬಹುದು, ಇಲ್ಲವಾದರೆ ಕೊನೆಯ ಸಮಯಕ್ಕೆ ಕೂಡಿಸುತ್ತಾರೆ. ಇಲ್ಲಿ ನೋಡಬೇಕಾದ್ದು ಒಂದೇ: ಹಿಂದೆ ಅಷ್ಟು ಸೆಕೆಂಡಿನೊಳಗೆ ಎಷ್ಟು ಕಾರು ಇವೆ? ಯಾರೂ ಇಲ್ಲದಿದ್ದರೆ ಪೆನಾಲ್ಟಿ ಪುಕ್ಕಟೆ. 2025ರ ಸ್ಪೇನ್ ರೇಸಿನಲ್ಲಿ ಕೊನೆಗೆ ಸೇಫ್ಟಿ ಕಾರ್ (ಅಪಾಯ ಇದ್ದಾಗ ಎಲ್ಲರನ್ನೂ ನಿಧಾನ ಮಾಡಲು ಮುಂದೆ ಹೋಗುವ ಕಾರು) ಬಂದು ಎಲ್ಲರೂ ಒತ್ತೊತ್ತಾಗಿದ್ದರು. ಜಾರ್ಜ್ ರಸೆಲ್‌ಗೆ ಗುದ್ದಿದ್ದಕ್ಕೆ ವರ್ಸ್ಟಾಪನ್‌ಗೆ 10 ಸೆಕೆಂಡ್. 5ರಿಂದ 10ಕ್ಕೆ ಬಿದ್ದ. 10 ಪಾಯಿಂಟ್ ಇದ್ದದ್ದು 1 ಆಯ್ತು. ಅಷ್ಟೇ ಅಲ್ಲ, ಲೈಸೆನ್ಸಿನ ಮೇಲೆ 3 ಪೆನಾಲ್ಟಿ ಪಾಯಿಂಟ್ ಬಿದ್ದು ಒಟ್ಟು 11. 12 ತಿಂಗಳೊಳಗೆ 12 ಆದರೆ ಒಂದು ರೇಸಿಗೆ ನಿಷೇಧ. 2024ರಲ್ಲಿ ಕೆವಿನ್ ಮ್ಯಾಗ್ನುಸನ್ ಹಾಗೆಯೇ ಅಜರ್‌ಬೈಜಾನ್ ರೇಸ್ ಕಳೆದುಕೊಂಡ.

ಪೆನ್ನು ಬೇಡ ಅಂದೆನಲ್ಲ, ಅದು ಲಾಸ್ ವೇಗಸ್ ಕತೆ. 2025ರ ನವೆಂಬರ್, ಭಾನುವಾರ ಬೆಳಗ್ಗೆ ನಮ್ಮಲ್ಲಿ ದೋಸೆ ಹೊತ್ತಿಗೆ ರೇಸ್. ವರ್ಸ್ಟಾಪನ್ ಮೊದಲು, ನಾರಿಸ್ ಎರಡು, ಪಿಯಾಸ್ಟ್ರಿ ನಾಲ್ಕು. ನಾರಿಸ್ 408, ವರ್ಸ್ಟಾಪನ್ 366, ಅಂತರ 42 ಅಂತ ಹೊಸ ಪೆನ್ನಿನಲ್ಲಿ ಚೆಂದಕ್ಕೆ ಬರೆದು, ಕೆಳಗೆ ಎರಡು ಗೆರೆ ಎಳೆದೆ. ಊಟ ಆಗಿ ಒಂದು ನಿದ್ದೆ ತೆಗೆದು ಎದ್ದರೆ ನಾರಿಸ್, ಪಿಯಾಸ್ಟ್ರಿ ಇಬ್ಬರ ಕಾರಿನ ಅಡಿಹಲಗೆಯೂ ನಿಯಮಕ್ಕಿಂತ ಜಾಸ್ತಿ ಸವೆದಿದೆ ಅಂತ ಅನರ್ಹ. ನಾರಿಸ್‌ನ 18 ಹೋಯ್ತು. 390. ಅಂತರ 24. ಆ ಪುಟ ಈಗಲೂ ಗೀಚಿ ಗೀಚಿ ಕಪ್ಪಾಗಿಯೇ ಇದೆ.

ಕೊನೆಯ ರೇಸಿಗೆ ಕೋಷ್ಟಕ

ಕತಾರ್ ರೇಸೂ ಮುಗಿದು 2025ರ ಕೊನೆಯ ರೇಸಾದ ಅಬುಧಾಬಿಗೆ ಬರುವಾಗ ನಾರಿಸ್ 408, ವರ್ಸ್ಟಾಪನ್ 396, ಪಿಯಾಸ್ಟ್ರಿ 392. ಬಾಕಿ 25. ಹಿಂದಿರುವವನ ಪ್ರತಿ ಸ್ಥಾನಕ್ಕೂ ಒಂದು ಸಾಲು ಬರೆಯಿರಿ, ಎದುರಿಗೆ ಮುಂದಿರುವವನಿಗೆ ಬೇಕಾದ ಸ್ಥಾನ. ವರ್ಸ್ಟಾಪನ್ ಗೆದ್ದರೆ 421. ನಾರಿಸ್ ನಾಲ್ಕನೆಯವನಾದರೆ 420, ಸೋತ. ಮೂರನೆಯವನಾದರೆ 423. ಆದ್ದರಿಂದ ಮೂರು ಬೇಕೇ ಬೇಕು. ವರ್ಸ್ಟಾಪನ್ ಎರಡನೆಯವನಾದರೆ 414. ನಾರಿಸ್ ಏಳನೆಯವನಾದರೂ 414. ಇಬ್ಬರಿಗೂ 7 ಗೆಲುವು. ಎರಡನೇ ಸ್ಥಾನ ಎಣಿಸಿದರೆ ನಾರಿಸ್‌ನದ್ದು ಜಾಸ್ತಿ, ಹಾಗಾಗಿ ಏಳು ಸಾಕು. ವರ್ಸ್ಟಾಪನ್ ಮೂರು ಅಂದರೆ 411, ನಾರಿಸ್‌ಗೆ ಎಂಟು ಸಾಕು.

ಪಿಯಾಸ್ಟ್ರಿಗೂ ಇದೇ ರೀತಿ ಇನ್ನೊಂದು ಕೋಷ್ಟಕ. ಒಬ್ಬ ಎದುರಾಳಿಗೆ ಮಾತ್ರ ಕೋಷ್ಟಕ ಮಾಡಿ ಕೈತೊಳೆಯಬೇಡಿ. 2010ರ ಕೊನೆಯ ರೇಸಿನಲ್ಲಿ ಫೆರಾರಿ ಟೀಮು ಮಾಡಿದ ತಪ್ಪು ಅದೇ. ಅವರ ಡ್ರೈವರ್ ಅಲೊನ್ಸೊ 246, ವೆಬ್ಬರ್ 238, ವೆಟ್ಟೆಲ್ 231 ಇದ್ದಾಗ ಎರಡನೆಯವನಾದ ವೆಬ್ಬರ್‌ನನ್ನು ತಡೆಯುವುದೇ ಮುಖ್ಯ ಅಂತ ಅಲೊನ್ಸೊನನ್ನು ಬೇಗ ಪಿಟ್‌ಗೆ ಕರೆದರು. ಅವನು ವಿಟಾಲಿ ಪೆಟ್ರೊವ್ ಹಿಂದೆ ಸಿಕ್ಕಿಬಿದ್ದು ಏಳನೆಯವನಾದ, 252. ಯಾರೂ ಗಮನಿಸದೆ ಬಿಟ್ಟಿದ್ದ ವೆಟ್ಟೆಲ್ ಗೆದ್ದು 256.

ನಾವು 2025ರ ಡಿಸೆಂಬರ್ 7ರ ಸಂಜೆ ಆರೂವರೆಗೆ ಕೋಷ್ಟಕ ಹಿಡಿದು ಕೂತೆವು. ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ, ಅಡಿಕೆ ರಾಶಿಯ ಪಕ್ಕ ಕುರ್ಚಿಗೆ ಮೊಬೈಲ್ ಒರಗಿಸಿ ಇಟ್ಟದ್ದು. ನಡುವೆ ನಾರಿಸ್, ಯೂಕಿ ತ್ಸುನೋಡಾನನ್ನು ದಾಟಿದ್ದರ ಮೇಲೆ ತನಿಖೆ ಅಂತ ಬಂತು. ಅಳಿಯ ಎದ್ದು ನಿಂತುಬಿಟ್ಟ. "5 ಸೆಕೆಂಡ್ ಕೊಟ್ರೆ ಎಂತ ಮಾಡುದು ಮಾವಾ?" ಕೋಷ್ಟಕ ನೋಡು ಅಂದೆ. ವರ್ಸ್ಟಾಪನ್ ಗೆಲ್ಲುತ್ತಿದ್ದರೆ ನಾರಿಸ್‌ಗೆ ಮೂರು ಬೇಕು, ಅಂದರೆ ನಾಲ್ಕನೆಯವನು ಎಷ್ಟು ದೂರದಲ್ಲಿದ್ದಾನೆ ಅಂತ ಮಾತ್ರ ನೋಡು. ಅಲ್ಲಿಂದ ಅವನು ನಾರಿಸ್‌ನನ್ನು ನೋಡಲೇ ಇಲ್ಲ, ಲೆಕ್ಲೇರ್‌ನ ಸೆಕೆಂಡುಗಳನ್ನೇ ಓದುತ್ತಾ ಕೂತ. ನಾರಿಸ್‌ಗೆ ಪೆನಾಲ್ಟಿ ಬೀಳಲಿಲ್ಲ, ತ್ಸುನೋಡಾಗೆ ಬಿತ್ತು. ವರ್ಸ್ಟಾಪನ್ 421, ನಾರಿಸ್ 423, ಪಿಯಾಸ್ಟ್ರಿ 410.

"ಅವತ್ತು ಹಾಗಾಗದಿದ್ದರೆ"

ಸೀಸನ್ ಮುಗಿದ ಮೇಲೆ ಎಲ್ಲರೂ ಈ ಲೆಕ್ಕ ಹಾಕುತ್ತಾರೆ. ಹಾಕಿ, ತಪ್ಪೇನಿಲ್ಲ, ಆದರೆ ಒಂದು ಅಂಕಿ ಬದಲಿಸಿದರೆ ಅದಕ್ಕೆ ಅಂಟಿಕೊಂಡ ಎಲ್ಲ ಅಂಕಿಯನ್ನೂ ಬದಲಿಸಿ.

ಸ್ಪೇನಿನ 10 ಸೆಕೆಂಡ್ ಇಲ್ಲದಿದ್ದರೆ ವರ್ಸ್ಟಾಪನ್‌ಗೆ 9 ಜಾಸ್ತಿ, 430. ನಾರಿಸ್ ಅಲ್ಲಿ ಎರಡನೆಯವನು, ಅವನದ್ದು ಬದಲಾಗುವುದಿಲ್ಲ. ಪಟ್ಟ ವರ್ಸ್ಟಾಪನ್‌ನದ್ದು. ಬ್ರಿಟನ್ನಿನ ಸಿಲ್ವರ್‌ಸ್ಟೋನ್‌ನಲ್ಲಿ ಸೇಫ್ಟಿ ಕಾರ್ ಹಿಂದೆ ಬ್ರೇಕ್ ಹಾಕಿದ್ದಕ್ಕೆ ಪಿಯಾಸ್ಟ್ರಿಗೆ 10 ಸೆಕೆಂಡ್ ಬಿದ್ದು ಗೆಲುವು ನಾರಿಸ್‌ಗೆ ಹೋಯ್ತಲ್ಲ, ಅದನ್ನು ತಿರುಗಿಸಿ. ಪಿಯಾಸ್ಟ್ರಿ 417, ನಾರಿಸ್ 416. ಪಿಯಾಸ್ಟ್ರಿ ಚಾಂಪಿಯನ್ ಅಂತ ಕುಣಿಯಬೇಡಿ, ವರ್ಸ್ಟಾಪನ್ 421ರಲ್ಲಿ ಕೂತಿದ್ದಾನೆ. ನಾರಿಸ್, ಪಿಯಾಸ್ಟ್ರಿ ಇಬ್ಬರದ್ದೂ ಒಂದೇ ಟೀಮು; ಮೊಂಜಾದಲ್ಲಿ ಆ ಟೀಮು ಹೇಳಿತು ಅಂತ ಪಿಯಾಸ್ಟ್ರಿ ಎರಡನೇ ಸ್ಥಾನವನ್ನು ನಾರಿಸ್‌ಗೆ ಬಿಟ್ಟುಕೊಟ್ಟ. ಅದು ಪೆನಾಲ್ಟಿಯೇ ಅಲ್ಲ, ಬರೀ 3 ಪಾಯಿಂಟ್. ಬಿಟ್ಟುಕೊಡದಿದ್ದರೆ ನಾರಿಸ್ 420. ಮತ್ತೆ ವರ್ಸ್ಟಾಪನ್.

ಮೂರಕ್ಕೆ ಮೂರೂ ವರ್ಸ್ಟಾಪನ್‌ನ ಕಡೆಗೇ ಬಿದ್ದದ್ದು ನೋಡಿ ಅಳಿಯನ ಮುಖ ಸಣ್ಣದಾಯ್ತು, ಅವನು ನಾರಿಸ್ ಪಕ್ಷ. ನೋಟ್‌ಬುಕ್ ಎಳೆದುಕೊಂಡು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಹೊರಗೆ ಬಂದು, ಲಾಸ್ ವೇಗಸ್‌ನ 18 ವಾಪಸ್ ಕೊಟ್ಟರೆ ಕತಾರ್ ಮುಗಿದಾಗಲೇ ನಾರಿಸ್ 426, ವರ್ಸ್ಟಾಪನ್ 396, ಅಂತರ 30, ಬಾಕಿ 25, ಅಬುಧಾಬಿ ಬೇಕಾಗಿಯೇ ಇರಲಿಲ್ಲ ಅಂದ. ಹುಡುಗ ಕಲಿತಿದ್ದಾನೆ ಅಂತ ಖುಷಿಯಾಯ್ತು.

"ಪಿಯಾಸ್ಟ್ರಿಯನ್ನೂ ಅಲ್ಲಿ ಅನರ್ಹ ಮಾಡಿದ್ರಲ್ಲಾ" ಅಂದೆ.

ಪೆನ್ಸಿಲ್ ಕಚ್ಚಿಕೊಂಡು ನಿಂತ. ನಾಲ್ಕನೇ ಸ್ಥಾನದ 12 ವಾಪಸ್. 392 ಕೂಡಿಸು 12, 404. 426ರಿಂದ ಕಳೆದರೆ 22. ಬಾಕಿ 25.

"ಮುಗೀತಿರಲಿಲ್ಲ" ಅಂದು ರಬ್ಬರ್ ಹುಡುಕಲು ಒಳಗೆ ಹೋದ.